ಎರಡು ಕೋಲು

ದಿಬ್ಬೂರಹಳ್ಳಿ ರಸ್ತೆಗೆ ಆತುಕೊಂಡ ನಮ್ಮ ಹಿಪ್ಪುನೇರಳೆ ತೋಟದಲ್ಲಿ
ಮೂವತ್ತಡಿ ಚೌಕದ ಹೊಂಡ.
ಅದರೊಳಗೊಂದು ಕೋಲು ನಿಲ್ಲಿಸಿದೆ:
ಹಳೇ ಬಣ್ಣದ ಡಬ್ಬಕ್ಕೆ ಸಿಮೆಂಟು ತುಂಬಿ, ನಡುವೆ ನೀಲಗಿರಿ.
ಮಗಳ ಉಗುರುಬಣ್ಣ ತಗೊಂಡು
ನೀರು ಮುಟ್ಟಿದಲ್ಲಿ ಗೆರೆ ಎಳೆದೆ,
ಮಾಘ ಮುಗಿದ ಸೋಮವಾರ.

ಮೋಟರಿನ ಫ್ಯೂಸು ನನ್ನ ಸೆರಗಿನ ಗಂಟಿನಲ್ಲಿತ್ತು.
ಹುಳ ಇನ್ನೂ ಎರಡನೇ ಜ್ವರದಲ್ಲಿ,
ತೋಟಕ್ಕೆ ನೀರು ಬಿಡುವ ದಿನವಲ್ಲ.
ಹಾಳೆಯಲ್ಲಿ ತೂತಿಲ್ಲ,
ಹೊಂಡ ತುಂಬುವ ಮೊದಲೇ ಅಂಗೈಯಿಂದ ಸವರಿ ನೋಡಿದ್ದೆ.
ಆದರೂ ಗುರುವಾರಕ್ಕೆ
ಗೆರೆಯ ಕೆಳಗೆ ಒಂದು ಬೆರಳು ಬರಿಗೋಲು.

ಒಂದು ಬೆರಳು ಅಂದರೆ
ಈ ಹೊಂಡದಲ್ಲಿ ನೂರು ಬಿಂದಿಗೆ.
ಯಾರು ಹೊತ್ತರು ನೂರು ಬಿಂದಿಗೆ
ದಾರಿಯಲ್ಲೊಂದು ಹನಿ ತುಳುಕಿಸದೆ?

ಗುರ್ರಪ್ಪನ ಮೇಲೆ ನನ್ನ ಕಣ್ಣು.
ಬದುವಿನಾಚೆ ಅವನ ಹೊಂಡ,
ಅವನ ಪೈಪು ಯಾವತ್ತೂ
ನಮ್ಮ ಕಡೆಗೇ ತಲೆ ಮಾಡಿ ಮಲಗಿರುತ್ತಿತ್ತು.

ಕಂಬಳಿ ಹೊದ್ದು, ಟಾರ್ಚು ಆರಿಸಿ ರಾತ್ರಿ ಕಾದೆ.
ಬದುವಿನಾಚೆ ಒಂದು ಬೀಡಿ
ಕೆಂಪಗೆ ಉಸಿರಾಡುತ್ತಲೇ ಇತ್ತು, ಬೆಳಗಿನ ತನಕ.
ಗೆರೆ ಇದ್ದಲ್ಲೇ ಇತ್ತು.

ಮಧ್ಯಾಹ್ನ ಹೊಂಗೆ ಬುಡದಲ್ಲಿ ಕೂತೆ.
ಯಾರೂ ಬರಲಿಲ್ಲ.
ಬಂಡೆ ಕಾದು ಚಟ್ ಎಂದಿತು ಒಂದು ಸಲ.
ಹೊತ್ತು ಇಳಿದಾಗ
ನೀರಿಗೂ ಗೆರೆಗೂ ನಡುವೆ ಕಡ್ಡಿಯಷ್ಟು ಸಂದು.
ತಲೆಯೆತ್ತಿ ನೋಡಿದೆ.
ಅದರ ಮೇಲೆ ಯಾವ ಠಾಣೆಯಲ್ಲಿ ದೂರು ಬರೆಸಲಿ?

“ಏನಕ್ಕಾ, ಮೊನ್ನೆ ರಾತ್ರಿ ಕಾಯ್ತಿದ್ದೆಯಾ, ಕದೀತಿದ್ದೆಯಾ?”
ಕೇಳಿದವನು ಗುರ್ರಪ್ಪ.
ಅವನ ಹೊಂಡದಲ್ಲೂ ಒಂದು ಕೋಲು,
ಇಟ್ಟಿಗೆ ಚೂರಿನಲ್ಲಿ ಗೀಚಿದ ಗೆರೆ.
ನಾನು ನಗಲಿಲ್ಲ. ಅವನೂ.
ನಗುವುದಕ್ಕೆ ಇನ್ನೊಂದು ವಾರ ಬೇಕಾಯಿತು.

ಪ್ಲಾಸ್ಟಿಕ್ಕಿನದು ಬಂದ ಮೇಲೆ
ಬಿದಿರಿನ ಚಂದ್ರಿಕೆಗಳೆಲ್ಲ ಹುಳಮನೆಯ ಅಟ್ಟ ಸೇರಿದ್ದವು.
ಒಲೆಗೆ ಹಾಕಲು ಅತ್ತೆ ನಾರೆಮ್ಮ ಬಿಟ್ಟಿರಲಿಲ್ಲ,
“ಗೂಡು ಕಟ್ಟಿಸಿಕೊಂಡದ್ದನ್ನ ಸುಡಬಾರದು.”
ಇಳಿಸಿದೆ, ಹದಿನೆಂಟು.
ಗುರ್ರಪ್ಪನವು, ಇಲಿ ತಿಂದದ್ದು ಬಿಟ್ಟು, ಹನ್ನೊಂದು.
ಎರಡು ಹೊಂಡ ಮುಚ್ಚಲು ಸಾಲವು.

ನಾರೆಮ್ಮ ರಾಗಿ ಕೇರುತ್ತಲೇ ಅಂದಳು:
“ಎರಡು ತಟ್ಟೆ ಸಾರು ಬೇಗ ಆರ್ತದೆ.
ಒಂದು ಚೊಂಬಿಗೆ ಸುರೀರಿ.”

ಎರಡು ದಿನ ಗುರ್ರಪ್ಪ ಈ ಕಡೆ ಮುಖ ಹಾಕಲಿಲ್ಲ.
ಮೂರನೇ ದಿನ
ನಮ್ಮ ಕಡೆಗೇ ತಲೆ ಮಾಡಿದ್ದ ಆ ಪೈಪು
ಬಾಯಿ ಬಿಟ್ಟು ಸುರಿಯಿತು.
ಅವನ ಫ್ಯೂಸು ಸುಟ್ಟಿತ್ತು,
ಸೆರಗಿನ ಗಂಟು ಬಿಚ್ಚಿ ನನ್ನದನ್ನೇ ಕೊಟ್ಟೆ.
ಸಂಜೆಗೆ ಅವನ ಹೊಂಡದ ಕಪ್ಪು ಹಾಳೆ ಬರಿದಾಗಿ,
ತಳದಲ್ಲೊಂದು ಪುಟ್ಟ ಚಪ್ಪಲಿ,
ಅವನ ಮಗ ಅತ್ತು ಅತ್ತು ಹುಡುಕಿದ್ದು, ಹೋದ ವರ್ಷ.

ಈಗ ನೀರಿನ ಮೇಲೆ ಇಪ್ಪತ್ತೊಂಬತ್ತು ಚಂದ್ರಿಕೆ,
ಹೆಸರಷ್ಟೇ. ಚಂದ್ರನಿಗೇ ಜಾಗವಿಲ್ಲ.
ಹುಳ ಹತ್ತುತ್ತಿದ್ದ ಸುರುಳಿಗಳಲ್ಲಿ
ಬಿಸಿಲು ಸುತ್ತುತ್ತದೆ, ಸುತ್ತುತ್ತದೆ,
ಅಲ್ಲಲ್ಲಿ ಸಂದು ಸಿಕ್ಕಿ ಇಳಿಯುತ್ತದೆ ಕೂಡ.
ಒಂದು ಮೂಲೆಯಲ್ಲಿ ಅಂಟಿ ಉಳಿದ ಹಳದಿ ಎಳೆಯ ಮೇಲೆ
ಏರೋಪ್ಲೇನ್ ಚಿಟ್ಟೆ ಕೂತು ಎದ್ದು ಕೂತು.

ಮೂರು ದಿನಕ್ಕೆ ಹೋಗುತ್ತಿದ್ದ ಬೆರಳು
ಏಳು ದಿನಕ್ಕೆ ಹೋಗುತ್ತದೆ.
ಹೋಗುವುದೇನೂ ನಿಂತಿಲ್ಲ.

ಕೋಲು ಮಾತ್ರ ಎರಡು.
ತನ್ನದನ್ನೂ ತಂದು ನನ್ನದರ ಪಕ್ಕ ನಿಲ್ಲಿಸಿದ್ದಾನೆ ಗುರ್ರಪ್ಪ.
ಬೆಳಿಗ್ಗೆ ಅವನು ನನ್ನ ಗೆರೆ ನೋಡುತ್ತಾನೆ,
ನಾನು ಅವನದು.
ಒಂದು ಕಡ್ಡಿಯಷ್ಟು ಹೆಚ್ಚುಕಮ್ಮಿ ಬರುತ್ತದೆ.
ಇಬ್ಬರೂ ಆ ಮಾತು ಎತ್ತುವುದಿಲ್ಲ.